ಅವ್ವನ ಕೊರಳಲ್ಲಿ ಎರಡು ಲಿಂಗ

ಅಪ್ಪನನ್ನು ತಿಕೋಟಾದ ನಮ್ಮ ಹೊಲದಲ್ಲಿ ಮಣ್ಣು ಮಾಡಿ ಬಂದ ಮೇಲೆ ಮನೆಯಲ್ಲಿ ಎಲ್ಲರೂ ಅಷ್ಟಿಷ್ಟು ಉಂಡೆವು. ಅವ್ವ ಒಬ್ಬಳೇ ಉಣ್ಣಲಿಲ್ಲ. ಆ ದಿನ ಅದನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಮರುದಿನ ಬೆಳಿಗ್ಗೆ ಅವಳು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿಕೊಂಡು, ಮಣೆ ಹಾಕಿ ಪೂಜೆಗೆ ಕೂತಾಗ ನನಗೆ ಸಮಾಧಾನವಾಯಿತು. ಪೂಜೆ ಮುಗಿದರೆ ಒಂದು ತುತ್ತು ತಿನ್ನುತ್ತಾಳೆ, ಸಕ್ಕರೆ ಕಾಯಿಲೆಯ ಗುಳಿಗೆ ತೆಗೆದುಕೊಳ್ಳುತ್ತಾಳೆ, ನಾನು ಸ್ವಲ್ಪ ಹೊತ್ತು ಮಲಗಬಹುದು ಎಂದುಕೊಂಡೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಅಪ್ಪನಲ್ಲ, ನಿದ್ದೆ.

ಅವ್ವ ಕೊರಳಿನಿಂದ ಲಿಂಗವಸ್ತ್ರ ತೆಗೆದು, ಗಂಟು ಬಿಚ್ಚಿ, ಲಿಂಗವನ್ನು ಎಡ ಅಂಗೈಯ ಮೇಲೆ ಇಟ್ಟುಕೊಂಡಳು. ಹೆಬ್ಬೆರಳಿನಿಂದ ಸವರಿದಳು, ಹೊರಳಿಸಿ ಮತ್ತೆ ಸವರಿದಳು. ನನ್ನ ಕಡೆ ತಿರುಗದೆ ಅಂದಳು:

"ಇದು ನಂದಲ್ಲ."

ನಮ್ಮ ಮನೆತನದಲ್ಲಿ ಪ್ರತಿಯೊಬ್ಬರಿಗೂ ಅವರದೇ ಆದ ಇಷ್ಟಲಿಂಗವಿರುತ್ತದೆ. ಚಿಕ್ಕಂದಿನಲ್ಲಿ ಜಂಗಮರಾದ ಅಯ್ಯನವರು ಬಂದು ಕಟ್ಟುತ್ತಾರೆ. ಸತ್ತಾಗ ನಮ್ಮನ್ನು ಕೂರಿಸಿ, ಅದನ್ನು ಅಂಗೈಯಲ್ಲಿಟ್ಟು, ಜೊತೆಗೇ ಮಣ್ಣು ಮಾಡುತ್ತಾರೆ. ಗಂಡನದು ಹೆಂಡತಿಗೆ ಬರುವುದಿಲ್ಲ, ತಾಯಿಯದು ಮಗಳಿಗೆ ಬರುವುದಿಲ್ಲ. ಅದರ ಪೂಜೆಯಾಗದೆ ಅವ್ವ ನೀರಿನ ಹೊರತು ಏನನ್ನೂ ಬಾಯಿಗೆ ಹಾಕಿದ್ದನ್ನು ನಾನು ಕಂಡಿಲ್ಲ. ಚಿಕ್ಕವಳಿದ್ದಾಗ ಅವಳ ಪೂಜೆ ಮುಗಿಯುವುದನ್ನೇ ಕಾಯುತ್ತ, ಆರಿಹೋಗುತ್ತಿದ್ದ ಉಪ್ಪಿಟ್ಟನ್ನು ನೋಡಿಕೊಂಡು ಸಿಟ್ಟಾಗುತ್ತಿದ್ದೆ. ನನ್ನ ಲಿಂಗ ವಿಜಯಪುರದ ಮನೆಯ ಕಪಾಟಿನಲ್ಲಿದೆ. ಎಂ.ಎ. ಓದುವಾಗ ತೆಗೆದಿಟ್ಟವಳು ಮತ್ತೆ ಕಟ್ಟಿಕೊಳ್ಳಲಿಲ್ಲ. ಆಗ ಅದಕ್ಕೆ ವಿಚಾರ ಎಂಬ ಹೆಸರು ಕೊಟ್ಟಿದ್ದೆ. ಈಗ ಯೋಚಿಸಿದರೆ ಅದರಲ್ಲಿ ಆಲಸ್ಯವೂ ಸಾಕಷ್ಟು ಇದ್ದೀತು ಅನಿಸುತ್ತದೆ.

ಅವ್ವನ ಅಂಗೈಯಲ್ಲಿ ಇದ್ದದ್ದು ಅಪ್ಪನ ಲಿಂಗ. ಅಪ್ಪನ ಜೊತೆ ಮಣ್ಣಿಗೆ ಹೋದದ್ದು ಅವ್ವನದು.

ಇದು ಹೇಗಾಯಿತು ಎಂಬುದರಲ್ಲಿ ಅರ್ಧ ನನಗೆ ಖಚಿತವಾಗಿ ಗೊತ್ತು. ಅಪ್ಪನನ್ನು ವಿಜಯಪುರದ ಆಸ್ಪತ್ರೆಗೆ ಸೇರಿಸಿದಾಗ ಮೈಮೇಲಿದ್ದದ್ದನ್ನೆಲ್ಲ ತೆಗೆದುಕೊಡಿ ಎಂದರು. ಉಂಗುರ ತಮ್ಮನ ಕಿಸೆಗೆ ಹೋಯಿತು, ಲಿಂಗ ಅವ್ವನ ಕೊರಳಿಗೆ. ಅಷ್ಟೂ ದಿನ ಅವಳು ಎರಡು ಲಿಂಗ ಕಟ್ಟಿಕೊಂಡು ವಾರ್ಡಿನ ಹೊರಗಿನ ಬೆಂಚಿನ ಮೇಲೆ ಕೂತಿದ್ದಳು. ಬೆಳಿಗ್ಗೆ ಅಲ್ಲೇ ಊರಲ್ಲಿರುವ ನನ್ನ ಮನೆಗೆ ಬಂದು ತನ್ನ ಪೂಜೆ ಮುಗಿಸಿ, ಅಪ್ಪನ ಲಿಂಗಕ್ಕೂ ನೀರು ಹಾಕಿ ವಿಭೂತಿ ಹಚ್ಚಿ, ಎರಡನ್ನೂ ಬೇರೆ ಬೇರೆ ಬಿಳಿ ಬಟ್ಟೆಯಲ್ಲಿ ಕಟ್ಟಿಕೊಂಡು ಮತ್ತೆ ಆಸ್ಪತ್ರೆಗೆ ಹೊರಡುತ್ತಿದ್ದಳು. ಗಾಂಧಿ ಚೌಕದಲ್ಲಿ ಆಟೋ ಹಿಡಿದು ಅವಳನ್ನು ಅಲ್ಲಿ ಬಿಟ್ಟು ನಾನು ಕಾಲೇಜಿಗೆ ಪಾಠಕ್ಕೆ ಹೋಗುತ್ತಿದ್ದೆ. ಒಂದು ಸಲ ಆಟೋದಲ್ಲಿ ಕೇಳಿದ್ದೆ:

"ಎರಡೆರಡು ಕಟ್ಟಿಕೊಂಡಿ, ಭಾರ ಆಗಾಂಗಿಲ್ಲೇನಬೇ?"

"ನಿಮ್ಮಪ್ಪಂದು ಒಜ್ಜಿ ಐತಿ ನೋಡು" ಅಂದಿದ್ದಳು. ನಕ್ಕಿದ್ದಳೆಂದು ನೆನಪು. ಆ ನಗು ನಾನು ಆಮೇಲೆ ಸೇರಿಸಿದ್ದೂ ಇರಬಹುದು.

ಉಳಿದರ್ಧ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಅಪ್ಪನನ್ನು ಕಟ್ಟೆಯ ಮೇಲೆ ಕೂರಿಸಿ, ಹೂ ಏರಿಸಿ, ಇನ್ನೇನು ಎತ್ತಬೇಕು ಎನ್ನುವ ಗಡಿಬಿಡಿಯಲ್ಲಿ ಹೊರಗಿನಿಂದ ಯಾರೋ ಕೂಗಿದರು: "ಯಜಮಾನ್ರ ಲಿಂಗ ತರ್ರಿ, ಲಗೂನ ತರ್ರಿ!" ಅವ್ವನ ಸುತ್ತ ಹೆಂಗಸರು ಕಿಕ್ಕಿರಿದಿದ್ದರು. ಒಂದು ಕೈ ಅವಳ ಕೊರಳಿನಿಂದ ಒಂದು ವಸ್ತ್ರವನ್ನು ತೆಗೆಯಿತು. ಅದು ಕೈಯಿಂದ ಕೈಗೆ ದಾಟಿ ಹೊರಗೆ ಹೋಯಿತು. ನನ್ನ ನೆನಪಿನಲ್ಲಿ ಆ ಕೈಗೆ ಹಸಿರು ಬಳೆ ಇದೆ. ತಮ್ಮ "ಅಕ್ಕಾ, ನೀನ ಕೊಟ್ಟಿ ನನ್ನ ಕೈಯಾಗ" ಅನ್ನುತ್ತಾನೆ. ತಮ್ಮನ ಹೆಂಡತಿ ಘೋಣಸಗಿಯಿಂದ ಬಂದಿದ್ದ ನಮ್ಮ ಸೋದರತ್ತೆಯ ಹೆಸರು ಹೇಳುತ್ತಾಳೆ. ಅತ್ತೆ ತಾನು ಆಗ ಬಚ್ಚಲ ಕಡೆ ಇದ್ದೆ ಅನ್ನುತ್ತಾಳೆ. ನಾನೇ ಕೊಟ್ಟೆ ಎಂದು ಬರೆದುಬಿಟ್ಟರೆ ಈ ಬರಹಕ್ಕೆ ಒಂದು ತೂಕ ಬರುತ್ತದೆ. ಅದಕ್ಕೇ ಹಾಗೆ ಬರೆಯಲು ಮನಸ್ಸಿಲ್ಲ. ನನಗೆ ಗೊತ್ತಿಲ್ಲ, ಅಷ್ಟೇ.

ತಮ್ಮನಿಗೆ ವಿಷಯ ಹೇಳಿದೆ. ಅವನು ಬಂದು ಅವ್ವನ ಎದುರು ಕುಕ್ಕರಗಾಲಲ್ಲಿ ಕೂತ.

"ಅವ್ವಾ, ಹೊಸಾದು ಕಟ್ಟಿಸೂಣು. ಇವತ್ತ ಅಯ್ಯನವ್ರನ್ನ ಕರಕೊಂಡ ಬರ್ತೀನಿ. ಅದಕ್ಕೇನ ಉಪಾಸ ಬೀಳ್ತಿ?"

"ನನಗ ಕಟ್ಟತಾರ. ನಿಮ್ಮಪ್ಪಗ ಯಾರ ಕಟ್ಟತಾರ?"

ತಮ್ಮ ನನ್ನ ಮುಖ ನೋಡಿದ.

"ಅವ್ರದು ಇಲ್ಲಿ ಐತಿ" ಎಂದು ಅವ್ವ ಮುಷ್ಟಿ ತೋರಿಸಿದಳು. "ಅವ್ರು ಅಲ್ಲಿ ನಂದ ಹಿಡ್ಕೊಂಡ ಕೂತಾರ. ತಮ್ದಲ್ಲಂತ ಗೊತ್ತಾದ್ರ ಅವ್ರೂ ಉಣ್ಣಾಂಗಿಲ್ಲ. ಅವ್ರ ಉಪಾಸ ಕೂತಾಗ ನಾ ಹೆಂಗ ಉಣ್ಣಲಿ?"

"ಹಂಗಾರ ಏನ್ ಮಾಡ್ಲಿ? ಮಣ್ಣ ತೆಗೀಲೇನು ಮತ್ತ?"

ತಮ್ಮ ಸಿಟ್ಟಿನಲ್ಲಿ ಅಂದ ಮಾತು ಅದು. ಅವ್ವ ಬೇಡ ಎನ್ನಲಿಲ್ಲ. ತಮ್ಮ ಎದ್ದು ಹೊರಗೆ ಹೋದ. ಅವಳ ಮುಖ ನೋಡಿ ನನಗೆ ನಿಜವಾಗಿ ಭಯವಾಯಿತು. ಅವಳಿಗೆ ಬೇಕಾಗಿದ್ದದ್ದು ಅದೇ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಓಣಿಗೆಲ್ಲ ಗೊತ್ತಾಗಿತ್ತು. ಮಾತಾಡಿಸಲು ಬಂದವರೆಲ್ಲ ಅಪ್ಪನ ಸಾವನ್ನು ಬದಿಗಿಟ್ಟು ಇದನ್ನೇ ಮಾತಾಡಿದರು. ತೆಗೆದು ಬದಲಿಸಬಹುದು, ಮಣ್ಣು ಇನ್ನೂ ಹಸಿ ಇದೆ ಎಂದರು ಒಬ್ಬರು. ಕೂರಿಸಿದ ದೇಹವನ್ನು ಅಲುಗಿಸಿದರೆ ಮನೆತನಕ್ಕೇ ಕೇಡು ಎಂದರು ಇನ್ನೊಬ್ಬರು. ಎಲ್ಲರೂ ಚಹಾ ಕುಡಿದರು. ತರಗತಿಯಲ್ಲಿ ಸಮುದಾಯ ಎಂಬ ಪದವನ್ನು ನಾನು ವರ್ಷಗಟ್ಟಲೆ ಬಹಳ ಸಲೀಸಾಗಿ ಬಳಸಿದ್ದೇನೆ. ಅವತ್ತು ನಮ್ಮ ಪಡಸಾಲೆಯಲ್ಲಿ ಅದು ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ರಾಶಿಯಾಗಿತ್ತು, ತೊಳೆದಷ್ಟೂ ಮುಗಿಯದ ಚಹಾ ಕಪ್ಪುಗಳಾಗಿತ್ತು. ಬಂದವರ ಕೈ ಹಿಡಿದು, ಅತ್ತಂತೆ ಮಾಡಿ, ಕೂರಿಸಿ, ಕಳಿಸಿ ನನ್ನ ಮುಖವೇ ಸೆಟೆದುಕೊಂಡಿತ್ತು. ಇವರೆಲ್ಲ ಹೋದರೆ ಸಾಕು ಅನಿಸುತ್ತಿತ್ತು. ಸಂಜೆ ಎಲ್ಲರೂ ಹೋದ ಮೇಲೆ, ಉಣ್ಣದ ಅವ್ವನ ಜೊತೆ ಒಬ್ಬಳೇ ಕೂತಾಗ, ಯಾರಾದರೂ ಬಂದರೆ ಸಾಕು ಅನಿಸಿತು.

ಮಾರನೆಯ ಬೆಳಿಗ್ಗೆ ಬಾಜೂಮನೆಯ ಚಾಚಿ ಬಂದಳು. ಅವಳ ಮಾವನೂ ನಮ್ಮ ಅಜ್ಜನೂ ಒಟ್ಟಿಗೆ ಬಾವಿ ತೋಡಿಸಿದವರಂತೆ. ಅವ್ವ ಮದುವೆಯಾಗಿ ತಿಕೋಟಾಕ್ಕೆ ಬಂದಾಗಿನಿಂದ ಇಬ್ಬರಿಗೂ ಗೆಳೆತನ, ಜಗಳ ಎರಡೂ ಇದೆ. ಗೋಡೆಗೆ ಒರಗಿ ಕೂತ ಅವ್ವನ ಪಕ್ಕಕ್ಕೆ ಬಂದು ಚಾಚಿ ಕಾಲು ಚಾಚಿ ಕೂತಳು.

"ಏನಬೇ ಅಕ್ಕಾ, ಅಣ್ಣನ ಹಿಂದ ಹೊಂಟೇನು?"

"ಕರದ್ರ ಹೋಗೂದು."

"ಕರೀಲಾಕ ಅವ್ರೇನ ಕರಿಯೂ ಪೈಕಿನ? ಇದ್ದಾಗರ ಒಮ್ಮೆ ಎಲ್ಲಿಗ್ಯಾರ ಕರಕೊಂಡ ಹೋಗ್ಯಾರೇನು? ಸಿನಿಮಾಕ್ಕ ಹೋಗೂಣು ನಡಿ ಅಂತ ನಿನಗ ಸೀರಿ ಉಡಿಸಿ, ವಿಜಾಪುರಕ್ಕ ಮಣೂಕ ಮಾರಾಕ ತಾವೊಬ್ರ ಹ್ವಾದ್ರು. ನೀ ಜಡಿ ಹಾಕ್ಕೊಂಡ ಬಾಗಲದಾಗ ನಿಂತಿದ್ದಿ."

ಮಣೂಕ ಎಂದರೆ ಒಣದ್ರಾಕ್ಷಿ, ನಮ್ಮ ಹೊಲದ ಬೆಳೆ. ಅವ್ವನ ತುಟಿ ಒಂದಿಷ್ಟು ಅಲ್ಲಾಡಿತು.

"ಸುಮ್ನ ಕೂಡ ಬೇ. ಸತ್ತವ್ರನ್ನ ಬೈತಿ."

"ಬೈಯ್ಯವಲ್ನಿ. ನಮ್ಮ ರೋಜಾದಾಗ ಜಡ್ಡ ಇದ್ದವ್ರಿಗಿ ಮಾಫಿ ಐತಿ. ಆರಾಮ ಆದ ಮ್ಯಾಲ ಹಿಡದ್ರ ನಡೀತೈತಿ. ನೀ ಸಕ್ಕರಿ ಬ್ಯಾನ್ಯಾಕಿ."

"ನಿಮ್ಮ ದೇವ್ರು ಛಲೋ ಅದಾನ ತಗೋ."

"ನಿಮ್ಮ ದೇವ್ರೂ ಛಲೋನ ಇದ್ದಾನು. ಕೇಳಿ ನೋಡೀಯೇನು?"

ಚಾಚಿ ಅವಳ ಕಾಲು ಒತ್ತುತ್ತ ಕೂತಳು. ಮಧ್ಯಾಹ್ನ ಅವ್ವ ನನ್ನನ್ನು ಕರೆದು, "ನಿನ್ನ ತಮ್ಮಗ ಗಾಡಿ ತೆಗಿ ಅಂತ ಹೇಳು. ಬಬಲೇಶ್ವರಕ್ಕ ಹೋಗೂಣು. ನನಗ ಲಿಂಗಾ ಕಟ್ಟಿದ ಮನಿ ಅಲ್ಲೈತಿ. ಅವ್ರನ್ನ ಕೇಳೂಣು" ಅಂದಳು.

ಬಬಲೇಶ್ವರ ಅವಳ ತವರೂರು. ಅವಳಿಗೆ ಲಿಂಗ ಕಟ್ಟಿದ ಅಯ್ಯನವರು ಎಂದೋ ತೀರಿಕೊಂಡಿದ್ದರು. ಅವರ ಮಗ ಈಗ ಆ ಮನೆಯ ಹಿರಿಯರು, ಅವ್ವನಿಗಿಂತ ಸ್ವಲ್ಪ ದೊಡ್ಡವರು. ತಮ್ಮನ ಬಳಿ ಇದ್ದದ್ದು ದ್ರಾಕ್ಷಿ ಸಾಗಿಸುವ ಪಿಕಪ್. ಮುಂದಿನ ಸೀಟಿನಲ್ಲಿ ನಾವು ಮೂವರೂ ಒತ್ತಿಕೊಂಡು ಕೂತೆವು, ಅವ್ವ ನಡುವೆ. ಅಪ್ಪನ ಲಿಂಗವನ್ನು ಮುಷ್ಟಿಯಲ್ಲೇ ಹಿಡಿದಿದ್ದಳು. ನಾನು ಪರ್ಸಿನಲ್ಲಿ ಸಕ್ಕರೆಯ ಪೊಟ್ಟಣ ಇಟ್ಟುಕೊಂಡಿದ್ದೆ. ಅವಳು ಎಚ್ಚರ ತಪ್ಪಿದರೆ ಬಾಯಿಗೆ ಹಾಕಿಬಿಡುವುದು, ಪೂಜೆ ಗೀಜೆ ನೋಡುವುದಿಲ್ಲ ಎಂದು ನಿಶ್ಚಯಿಸಿದ್ದೆ. ದಾರಿಯುದ್ದಕ್ಕೂ ಅವಳ ಭುಜ ನನ್ನ ಭುಜಕ್ಕೆ ತಾಗಿ ನಡುಗುತ್ತಿತ್ತು, ಅಥವಾ ಗಾಡಿಯೇ ನಡುಗುತ್ತಿತ್ತು.

ಅಯ್ಯನವರು ಬನಿಯನ್ನಿನಲ್ಲಿ ಕಟ್ಟೆಯ ಮೇಲೆ ಕೂತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದರು. ಅವ್ವನನ್ನು ಕಂಡವರೇ, "ಯಾಕ ತಂಗಿ, ಮಾರಿ ಹಿಂಗಾಗೇತಿ? ಉಂಡಿಲ್ಲೇನು?" ಎಂದರು.

ಅವ್ವ ಎಲ್ಲವನ್ನೂ ಹೇಳಿದಳು. ಹೇಳುವಾಗ ಯಾರ ಕೈ ತಪ್ಪು ಮಾಡಿತು ಎಂಬ ಮಾತನ್ನೇ ಎತ್ತಲಿಲ್ಲ. ಅಯ್ಯನವರು ಎಣ್ಣೆಯ ಕೈಯನ್ನು ಪಂಚೆಗೆ ಒರೆಸಿಕೊಂಡರು.

"ಮಣ್ಣ ತೆಗೀಬೇಕಂತ ಮನಸಿನಾಗ ಐತೇನು?"

"ಐತ್ರಿ" ಅಂದಳು ಅವ್ವ. ತಮ್ಮ ನೆಲ ನೋಡಿದ.

"ತೆಗದ್ರ ಕಣ್ಣಾರೆ ಏನ ನೋಡಬೇಕಾಕ್ಕೇತಿ, ವಿಚಾರ ಮಾಡೀಯೇನು? ಅದನ್ನ ನೋಡಿದ ಮ್ಯಾಲ ನೀ ದಿನಾ ಪೂಜಿಗಿ ಕೂತಾಗ ನಿನಗ ಲಿಂಗಾ ಕಾಣಾಂಗಿಲ್ಲ. ಅದ ಕಾಣತೈತಿ."

ಅವ್ವ ಸೆರಗಿನ ತುದಿ ಹಿಂಡುತ್ತಿದ್ದಳು. "ಮತ್ತ ಅವ್ರು…" ಅಂದಳು.

"ಅಂವಾ ಇದ್ದಾಗ ಎಷ್ಟೊತ್ತ ಪೂಜಿ ಮಾಡ್ತಿದ್ದ?"

"ಎಲ್ಲೀದ್ರಿ ಅಯ್ಯನವ್ರ. ಹಣಿಗಿ ಮುಟ್ಟಿಸಿ ಕಟ್ಟಿಕೊಳ್ಳೂದು, ಹೊಲಕ್ಕ ಓಡೂದು. ನಾ ಬೈದ ಬೈದ ಸಾಕಾದೆ."

"ಈಗ ನಿಂದ ಸಿಕ್ಕೇತಿ ಅವಂಗ. ನೀ ಪೂಜಿ ಮಾಡಿ ಮಾಡಿ ಸವದದ್ದು. ಇನ್ನರ ಕೂತ ಮಾಡ್ಲಿ ಬಿಡು. ಹೊಲಾ ಹರಗೂದಂತೂ ಇಲ್ಲ."

ಅವ್ವ ನಕ್ಕಳು. ನಗುತ್ತಲೇ ಅಳತೊಡಗಿದಳು. ಅಪ್ಪ ಹೋದಾಗಿನಿಂದ ಅವಳು ಅತ್ತದ್ದು ಅದೇ ಮೊದಲು ಎಂದು ನಾನು ನಂಬಿದ್ದೇನೆ. ತಮ್ಮ ಅದನ್ನು ಒಪ್ಪುವುದಿಲ್ಲ. ಆಸ್ಪತ್ರೆಯ ಮೆಟ್ಟಿಲಿನ ಮೇಲೆ ಅವಳು ಬಹಳ ಅತ್ತಳು, ನೀನು ಬಿಲ್ಲಿನ ಕಡೆ ಹೋಗಿದ್ದಿ ಅನ್ನುತ್ತಾನೆ. ಇದ್ದರೂ ಇರಬಹುದು. ನಾನು ನೋಡದಿದ್ದದ್ದನ್ನೆಲ್ಲ ನಡೆದಿಲ್ಲ ಎಂದುಕೊಳ್ಳುವ ಚಾಳಿ ನನಗಿದೆ.

ಅಯ್ಯನವರು ದಾರಿ ಹೇಳಿದರು. ಮಣ್ಣನ್ನು ಪೂರ್ತಿ ತೆಗೆಯುವುದು ಬೇಡ. ಅಪ್ಪನ ತಲೆಯ ನೇರಕ್ಕೆ ಮೇಲಿನಿಂದ ಒಂದು ಗೇಣು ತೋಡಿ ಅವನ ಲಿಂಗವನ್ನು ಅಲ್ಲಿ ಇಟ್ಟರೆ ಅವನ ವಸ್ತು ಅವನ ಮಣ್ಣಿಗೆ ಸೇರಿತು. ಅವ್ವನಿಗೆ ಹೊಸದನ್ನು ಈಗಲೇ, ಇಲ್ಲೇ ಕಟ್ಟುತ್ತೇನೆ ಎಂದರು. ಒಳಗಿನಿಂದ ಅವರ ಸೊಸೆ, "ಅನ್ನಕ್ಕ ಇಡ್ತೀನ್ರಿ ಅವ್ವಾರ, ಉಂಡ ಹೋಗ್ರಿ" ಎಂದಳು.

ಅವ್ವ ತಲೆ ಅಲ್ಲಾಡಿಸಿದಳು. "ಮೊದ್ಲ ಅವ್ರದು ಅವ್ರಿಗಿ ಮುಟ್ಲಿ. ಆಮ್ಯಾಲ ನಂದು."

ನನ್ನ ತಾಳ್ಮೆ ಅಲ್ಲಿಗೆ ಮುಗಿಯಿತು. "ಸಾಕ ಮಾಡಬೇ! ಹಿಂಗ ಮಾಡಿ ನೀನೂ ಸಾಯ್ತಿ. ನಮ್ಮ ಮಾರಿ ನೋಡೀಯೇನು ಒಮ್ಮೆರ?" ಎಂದು ಪರರ ಮನೆಯ ಕಟ್ಟೆಯ ಮೇಲೆ ಚೀರಿಬಿಟ್ಟೆ. ಅವ್ವ ನನ್ನ ಮುಖವನ್ನು ನಿಜವಾಗಿಯೂ ನೋಡಿದಳು. ನೋಡಿ, "ನೀನೂ ಮಲಗಿಲ್ಲ" ಅಂದಳು. ಅಷ್ಟೇ ಅಂದದ್ದು. ನನ್ನ ಸಿಟ್ಟು ಎಲ್ಲಿ ನಿಲ್ಲಬೇಕೋ ತಿಳಿಯದೆ ನಿಂತಿತು.

ಅಯ್ಯನವರು ಕೋಲು ಊರಿ ಎದ್ದರು. "ನಡೀರಿ, ನಾನೂ ಬರ್ತೀನಿ. ಆಕಿ ಹುಡುಗಿದ್ದಾಗಿಂದ ಹಿಂಗ, ನಮ್ಮ ಅಪ್ಪನ ಮಾತೂ ಕೇಳ್ತಿರಲಿಲ್ಲ. ನನಗ ಮುಂದ ಜಾಗಾ ಕೊಡ್ರಿ, ಮಣಕಾಲ ಮಡಚಾಕ ಬರಾಂಗಿಲ್ಲ."

ಹಾಗಾಗಿ ತಿಕೋಟಾದವರೆಗೆ ನಾನು ಪಿಕಪ್ಪಿನ ಹಿಂದೆ, ದ್ರಾಕ್ಷಿಯ ಖಾಲಿ ಕ್ರೇಟುಗಳ ನಡುವೆ ಕೂತು ಬಂದೆ. ಕೂದಲಿಗೆಲ್ಲ ಧೂಳು. ಹಿಂದೆ ಬರುತ್ತಿದ್ದ ಬೈಕಿನಲ್ಲಿ ಇಬ್ಬರು ವಿದ್ಯಾರ್ಥಿಗಳು ಇದ್ದರು. ನನ್ನ ಗುರುತು ಹಿಡಿದು ನಮಸ್ಕಾರ ಮಾಡಿದರು, ನಾನೂ ಕ್ರೇಟು ಹಿಡಿದುಕೊಂಡೇ ಕೈ ಎತ್ತಿದೆ. ಮನುಷ್ಯ ನೋವಿನಿಂದ ಬೆಳೆಯುತ್ತಾನೆ ಎಂದು ಪಾಠದಲ್ಲಿ ಎಷ್ಟೋ ಸಲ ಹೇಳಿದ್ದೇನೆ. ಅಲ್ಲಿ ಕೂತಾಗ ಬೆಳೆದಂತೆ ಏನೂ ಅನಿಸಲಿಲ್ಲ. ದಣಿದಂತೆ ಅನಿಸಿತು. ಹಿಂದಿನ ಗಾಜಿನೊಳಗಿಂದ ಅವ್ವನ ತಲೆ ಕಾಣುತ್ತಿತ್ತು. ಅದು ವಾಲಿದಾಗಲೆಲ್ಲ ನಾನು ಗಾಜು ಬಡಿಯುತ್ತಿದ್ದೆ. ಅವಳು ಕೈ ಎತ್ತಿ, ಇದ್ದೇನೆ ಎಂದು ತೋರಿಸುತ್ತಿದ್ದಳು. ಅವಳು ಬದುಕಿರಬೇಕು ಎಂಬುದೊಂದೇ ನನ್ನ ಮನಸ್ಸಿನಲ್ಲಿ ಇದ್ದದ್ದು. ಅದನ್ನು ಪ್ರಾರ್ಥನೆ ಎಂದು ಕರೆಯಬಹುದೋ ಏನೋ. ಯಾರನ್ನು ಕೇಳಿಕೊಂಡೆನೆಂಬುದು ಮಾತ್ರ ನನಗೆ ಈಗಲೂ ಗೊತ್ತಿಲ್ಲ.

ಹೊಲ ಮುಟ್ಟಿದಾಗ ಬಿಸಿಲು ಇಳಿಯುತ್ತಿತ್ತು. ತಮ್ಮ ಸಲಿಕೆಯಿಂದ ತಲೆಯ ನೇರಕ್ಕೆ ಒಂದು ಗೇಣು ತೋಡಿದ. ಅದಕ್ಕಿಂತ ಆಳಕ್ಕೆ ಹೋಗದಂತೆ ಬಹಳ ಎಚ್ಚರದಿಂದ ತೋಡಿದ. ಅವ್ವ ಬಗ್ಗಿ ಲಿಂಗವನ್ನು ಇಟ್ಟಳು. ತಾನೇ ಬೊಗಸೆಯಿಂದ ಮಣ್ಣು ಎಳೆದಳು.

"ತಗೋರಿ. ನಿಮ್ದು ನಿಮಗ ಬಂತು" ಅಂದಳು. ಮಣ್ಣನ್ನು ಅಂಗೈಯಿಂದ ತಟ್ಟಿ, "ನಂದು ನಿಮ್ಮ ಹಂತೇಕ ಇರ್ಲಿ. ಛಂದಂಗ ನೋಡ್ಕೋರಿ" ಅಂದಳು.

ಏಳಲು ಹೋದಳು, ಆಗಲಿಲ್ಲ. ಮನೆಯವರೆಗೆ ಹೋಗುವುದು ಬೇಡ, ಇಲ್ಲೇ ಕಟ್ಟುತ್ತೇನೆ ಎಂದರು ಅಯ್ಯನವರು. ಹನಿ ನೀರಾವರಿಯ ಪೈಪಿನಿಂದ ತಮ್ಮ ನೀರು ಹಿಡಿದು ತಂದ. ಅಯ್ಯನವರು ಚೀಲದಿಂದ ವಿಭೂತಿ ತೆಗೆದು, ಹೊಸ ಲಿಂಗವನ್ನು ಅವಳ ಅಂಗೈಯ ಮೇಲೆ ಇಟ್ಟರು. ಅವಳ ಕೈ ಎಷ್ಟು ಅದುರುತ್ತಿತ್ತೆಂದರೆ ಲಿಂಗ ಜಾರುವಂತಿತ್ತು. ನನ್ನ ಕಡೆ ನೋಡಿ, "ಅವ್ವನ ಕೈ ಹಿಡಿಯಬೇ ತಂಗಿ" ಎಂದರು.

ಅವಳ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟೆ. ಅದು ತಣ್ಣಗಿತ್ತು, ಬೆವರಿತ್ತು. ಸಕ್ಕರೆ ಇಳಿದಿದೆ ಎಂದು ನನಗೆ ಗೊತ್ತಾಯಿತು. ಅಯ್ಯನವರು ಅವಳ ಕಿವಿಯಲ್ಲಿ ಮಂತ್ರ ಹೇಳುತ್ತಿದ್ದರು. ನಾನು ಬೇಗ ಮುಗಿಯಲಿ, ಬೇಗ ಮುಗಿಯಲಿ ಎನ್ನುತ್ತಿದ್ದೆ. ಆಮೇಲೆ ಅನೇಕ ಸಲ ಆ ಹೊತ್ತನ್ನು ನೆನಪಿಸಿಕೊಂಡಿದ್ದೇನೆ. ಪ್ರತಿ ಸಲವೂ ಅದಕ್ಕೆ ಒಂದಿಷ್ಟು ಶಾಂತಿ ಸೇರಿಕೊಳ್ಳುತ್ತದೆ, ಒಂದಿಷ್ಟು ಬೆಳಕು ಸೇರಿಕೊಳ್ಳುತ್ತದೆ. ಅವು ಆವತ್ತು ಇರಲಿಲ್ಲ. ಇದ್ದದ್ದು ನನ್ನ ಕೈಯ ಮೇಲೆ ಅವಳ ಕೈಯ ಭಾರ, ಅದರ ಮೇಲೆ ಆ ಸಣ್ಣ ವಸ್ತುವಿನ ಭಾರ. ಎರಡನ್ನೂ ಬೇರೆ ಮಾಡಿ ಹೇಳಲು ನನಗೆ ಆಗುತ್ತಿರಲಿಲ್ಲ.

ಅಷ್ಟರಲ್ಲಿ, ತಮ್ಮ ಫೋನು ಮಾಡಿದ್ದಕ್ಕೆ, ಅವನ ಹೆಂಡತಿ ಸ್ಕೂಟಿಯ ಮೇಲೆ ಡಬ್ಬಿ ಹಿಡಿದು ಬಂದಳು. ಹಿಂದೆ ಚಾಚಿ ಕೂತಿದ್ದಳು. ಹಾಲು ಅನ್ನ. ಅವ್ವ ಮೊದಲ ತುತ್ತು ಬಾಯಿಗಿಟ್ಟು ಅಗಿದಳು, ನುಂಗಿದಳು. ನಾವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆವು.

"ಹಾಲ ಸೀಸೀರಿ" ಅಂದಳು.

"ನಿಮ್ಮ ಚಿಂತ್ಯಾಗ ಸೀದೈತ್ರಿ ಅತ್ತಿ!" ಎಂದು ತಮ್ಮನ ಹೆಂಡತಿ ಅತ್ತೇಬಿಟ್ಟಳು.

"ಉಣ್ಣಬೇ, ಉಣ್ಣು" ಎಂದಳು ಚಾಚಿ. "ಎರಡ ದಿನದಿಂದ ಒಂದ ಓಣಿ ಮಂದಿನ್ನ ಕಾಯಿಸಿ, ಈಗ ಹಾಲಿನ ಮ್ಯಾಲ ಹೆಸರ ಇಡ್ತಾಳ ನೋಡು."

ಅವ್ವ ಡಬ್ಬಿ ಖಾಲಿ ಮಾಡಿದಳು.

ಈಗ ರವಿವಾರ ಬೆಳಿಗ್ಗೆ ಮೊದಲ ಬಸ್ಸಿಗೆ ವಿಜಯಪುರದಿಂದ ತಿಕೋಟಾಕ್ಕೆ ಹೋಗುತ್ತೇನೆ. ವಾರವಿಡೀ ಪಾಠ ಮಾಡಿ, ಪರೀಕ್ಷೆಯ ಉತ್ತರಪತ್ರಿಕೆ ನೋಡಿ ಮೈ ಸೋತಿರುತ್ತದೆ. ಇಟ್ಟಂಗಿಹಾಳ ದಾಟುವುದರೊಳಗೆ ಕಿಟಕಿಗೆ ತಲೆ ಕೊಟ್ಟು ನಿದ್ದೆ ಹೋಗಿರುತ್ತೇನೆ. ನಾನು ಮನೆ ಮುಟ್ಟುವ ಹೊತ್ತಿಗೆ ಅವ್ವ ಪೂಜೆಗೆ ಕೂತಿರುತ್ತಾಳೆ. ಅವಳ ಪೂಜೆ ಮೊದಲಿಗಿಂತ ಹೊತ್ತು ಹಿಡಿಯುತ್ತಿದೆ. ಲಿಂಗವನ್ನು ಅಂಗೈಯಲ್ಲಿಟ್ಟು ಅತ್ತ ಇತ್ತ ಹೊರಳಿಸಿ, ಹೆಬ್ಬೆರಳಿನಿಂದ ಸವರುತ್ತಾಳೆ. ಹೋದ ವಾರ ಯಾಕಿಷ್ಟು ತಡ ಎಂದು ಕೇಳಿದೆ.

"ಇನ್ನೂ ಗುರ್ತ ಹತ್ತವಲ್ದು" ಅಂದಳು. "ಹೊಸಾದ ಐತಿ ನೋಡು. ಅದಕ್ಕೂ ನನ್ನ ಕೈ ಹೊಸಾದು."

ತಮ್ಮನ ಹೆಂಡತಿ ನನಗೆ ತಾಟು ಹಾಕಿ, "ನೀವು ತಿನ್ನರಿ ಅಕ್ಕಾ, ಅವ್ರದು ತಡಾ ಐತಿ" ಎಂದಳು. ಹಸಿವಾಗಿತ್ತು. ಆದರೂ ಇರಲಿ ಎಂದೆ. ಯಾಕೆ ಹಾಗಂದೆನೋ, ನಂಬಿಕೆಯಿಂದಂತೂ ಅಲ್ಲ. ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಅವಳ ಪೂಜೆ ಮುಗಿಯುವವರೆಗೆ ಕೂತೆ.